ಕೆಲಸಕ್ಕೆ ಸೈಕಲ್, ಮೈಗೆ ತಾಲೀಮು: ತಪ್ಪು ಕಲ್ಪನೆ ಮತ್ತು ವಾಸ್ತವ

ಕೆಂಗೇರಿಯಿಂದ ವಿಜಯನಗರ, ಬಸವೇಶ್ವರನಗರದಿಂದ ಪೀಣ್ಯ, ರಾಜಾಜಿನಗರದಿಂದ ಮೆಜೆಸ್ಟಿಕ್. ಪಶ್ಚಿಮ ಬೆಂಗಳೂರಿನ ಇಂಥ ದಾರಿಗಳು ಒಂದು ಕಡೆಗೆ ಐದರಿಂದ ಹತ್ತು-ಹನ್ನೆರಡು ಕಿಲೋಮೀಟರ್ ಮಾತ್ರ. ಸೈಕಲ್‌ಗೆ ಹೇಳಿ ಮಾಡಿಸಿದ ದೂರ ಇದು. ಆದರೂ ಸೈಕಲ್ ಹೊರತೆಗೆಯುವ ಮುನ್ನ ನಮ್ಮನ್ನು ತಡೆಯುವುದು ಬರೀ ಟ್ರಾಫಿಕ್ ಅಲ್ಲ. ಮನೆಯಲ್ಲಿ, ಆಫೀಸಿನಲ್ಲಿ, ಪಾರ್ಕಿನ ಬೆಂಚಿನ ಮೇಲೆ ಕೇಳಿಸಿಕೊಂಡ ಹತ್ತಾರು ಮಾತುಗಳೂ ತಡೆಯುತ್ತವೆ. ಇವನ್ನು ನಾವೆಲ್ಲ ಒಂದಲ್ಲ ಒಂದು ಕಾಲಕ್ಕೆ ನಂಬಿಕೊಂಡು ಬಂದವರೇ. ಕೆಲವುಗಳಲ್ಲಿ ಅರ್ಧ ಸತ್ಯವಿದೆ, ಕೆಲವುಗಳಲ್ಲಿ ಅದೂ ಇಲ್ಲ. ಒಂದೊಂದನ್ನೇ ಎದುರಿಗಿಟ್ಟುಕೊಂಡು ನೋಡೋಣ.

ತಪ್ಪು ಕಲ್ಪನೆ: ಕೆಲಸಕ್ಕೆ ಸೈಕಲ್ ತುಳಿಯುವುದು ಓಡಾಟವಷ್ಟೇ, ವ್ಯಾಯಾಮವಲ್ಲ. ವ್ಯಾಯಾಮಕ್ಕೆ ಬೇರೆ ಹೊತ್ತು, ಬೇರೆ ಬಟ್ಟೆ, ಜಿಮ್ಮಿನ ಫೀಸು ಬೇಕು.

ವಾಸ್ತವ: ನಾವು ಎಲ್ಲಿಗೆ ಹೊರಟಿದ್ದೇವೆ ಎಂಬುದು ಹೃದಯಕ್ಕೆ ತಿಳಿಯದು. ಎಷ್ಟು ಹೊತ್ತು, ಎಷ್ಟು ರಭಸದಿಂದ ಬಡಿಯಬೇಕಾಯಿತು ಎಂಬುದಷ್ಟೇ ಅದಕ್ಕೆ ಲೆಕ್ಕ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ, ವಾರಕ್ಕೆ ಐದು ದಿನ ತುಳಿದರೆ 300 ನಿಮಿಷ ಅಲ್ಲೇ ತುಂಬಿತು. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಆಗಲೇಬೇಕೆಂಬ ಹಳೆಯ ಷರತ್ತನ್ನೂ ಆ ಮಾರ್ಗಸೂಚಿ ಕೈಬಿಟ್ಟಿದೆ.

ಇದಕ್ಕೆ ಪುರಾವೆಯೂ ಇದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಲಸಕ್ಕೆ ಸೈಕಲ್ ತುಳಿಯದವರ ಸಾವಿನ ಪ್ರಮಾಣ ತುಳಿಯುವವರಿಗಿಂತ ಶೇ 39ರಷ್ಟು ಹೆಚ್ಚಿತ್ತು. ಬಿಡುವಿನ ವೇಳೆಯ ವ್ಯಾಯಾಮವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಅಂತರ ಉಳಿಯಿತು. ಬ್ರಿಟನ್ನಿನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ 2017ರ ಅಧ್ಯಯನ, ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಅಕಾಲಿಕ ಸಾವಿನ ಅಪಾಯ ಶೇ 41ರಷ್ಟು ಕಡಿಮೆ ಎಂದು ಕಂಡುಕೊಂಡಿತು. ಇವು ಜನರನ್ನು ದೂರದಿಂದ ಗಮನಿಸಿದ ಅಧ್ಯಯನಗಳು. ಮೊದಲೇ ಗಟ್ಟಿಯಾಗಿದ್ದವರು ಸೈಕಲ್ ಹತ್ತಿರಬಹುದು ಎಂಬ ಆಕ್ಷೇಪ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಆದರೆ ಬೇರೆ ದೇಶ, ಬೇರೆ ಕಾಲದ ಅಧ್ಯಯನಗಳು ಒಂದೇ ದಿಕ್ಕಿಗೆ ಕೈತೋರಿಸುವಾಗ ಅದನ್ನು ಕಡೆಗಣಿಸಲೂ ಆಗದು.

ತಪ್ಪು ಕಲ್ಪನೆ: ದಿನಾ ಸೈಕಲ್ ತುಳಿದರೆ ಸಾಕು, ತಾಕತ್ತು ತಾನಾಗಿ ಏರುತ್ತಲೇ ಹೋಗುತ್ತದೆ.

ವಾಸ್ತವ: ಮೊದಲ ಕೆಲವು ವಾರ ಏರುತ್ತದೆ, ಆಮೇಲೆ ನಿಲ್ಲುತ್ತದೆ. ಹೊಸ ಶ್ರಮಕ್ಕೆ ದೇಹ ಹೊಂದಿಕೊಳ್ಳುವುದನ್ನೇ ತರಬೇತಿ ಎನ್ನುವುದು. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ, ತೊಡೆಯ ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಅದೇ ದಾರಿ, ಅದೇ ವೇಗ ಮುಂದುವರಿದರೆ ದೇಹಕ್ಕೆ ಇನ್ನಷ್ಟು ಬದಲಾಗುವ ಕಾರಣವೇ ಇರುವುದಿಲ್ಲ. ಆರೋಗ್ಯ ಉಳಿಯುತ್ತದೆ, ಸಾಮರ್ಥ್ಯ ಬೆಳೆಯುವುದಿಲ್ಲ.

ಬೆಳೆಯಬೇಕಾದರೆ ದಿನಗಳಲ್ಲಿ ವ್ಯತ್ಯಾಸ ಬೇಕು. ಹೆಚ್ಚಿನ ದಿನ ಹಗುರ ಸವಾರಿ, ವಾರಕ್ಕೆ ಒಂದೆರಡು ದಿನ ಗಟ್ಟಿ ಸವಾರಿ, ನಡುವೆ ವಿಶ್ರಾಂತಿ. ಇದನ್ನು ಅಳೆಯಲು ದುಬಾರಿ ವಾಚು ಬೇಡ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಸಾಧ್ಯವಾದರೆ ಅದು ಹಗುರ. ಮೂರು-ನಾಲ್ಕು ಪದಕ್ಕೇ ಉಸಿರು ಕಟ್ಟಿದರೆ ಅದು ಗಟ್ಟಿ. ದಿನವೂ ಏದುಸಿರು ಬರುವಂತೆ ತುಳಿಯುವುದು ಇನ್ನೊಂದು ತಪ್ಪು. ದೇಹ ಗಟ್ಟಿಯಾಗುವುದು ತುಳಿಯುವಾಗಲ್ಲ, ತುಳಿದ ಮೇಲಿನ ನಿದ್ದೆಯಲ್ಲಿ, ಊಟದಲ್ಲಿ, ಬಿಡುವಿನಲ್ಲಿ. ಬಿಡುವು ಕೊಡದವರಿಗೆ ಕಾಲು ಭಾರ, ನಿದ್ದೆ ಕಡಿಮೆ, ಸಿಡುಕು ಜಾಸ್ತಿ.

ತಪ್ಪು ಕಲ್ಪನೆ: ಬೆಂಗಳೂರು ಸಮತಟ್ಟು ಊರು. ಏರು ಹತ್ತಿ ತಾಲೀಮು ಮಾಡಬೇಕಾದರೆ ನಂದಿಬೆಟ್ಟಕ್ಕೇ ಹೋಗಬೇಕು.

ವಾಸ್ತವ: ಕಾರಿನಲ್ಲಿ ಕೂತವರಿಗೆ ಮಾತ್ರ ಈ ಊರು ಸಮತಟ್ಟು. ಪಶ್ಚಿಮ ಬೆಂಗಳೂರಿನ ನೆಲವನ್ನು ರೂಪಿಸಿದ್ದು ವೃಷಭಾವತಿ ಕಣಿವೆ. ನದಿ ಈಗ ಕಾಲುವೆಯಂತೆ ಕಂಡರೂ ಅದು ಹರಿಯುವುದು ಊರ ಒಳಗಿನಿಂದ ಮೈಸೂರು ರಸ್ತೆಯ ಗುಂಟ ಕೆಂಗೇರಿ, ಬಿಡದಿ ಕಡೆಗೆ. ನೀರು ಇಳಿಯುವ ದಿಕ್ಕಿಗೆ ನೆಲವೂ ಇಳಿಯುತ್ತದೆ. ಹಾಗಾಗಿ ಕೆಂಗೇರಿಯಿಂದ ನಗರಕ್ಕೆ ಬರುವ ಸವಾರರಿಗೆ ಒಟ್ಟಾರೆ ದಾರಿ ಏರು, ಸಂಜೆ ಮರಳುವಾಗ ಇಳಿಜಾರು. ನಾಯಂಡಹಳ್ಳಿಯಿಂದ ವರ್ತುಲ ರಸ್ತೆ ಹಿಡಿದು ನಾಗರಬಾವಿಯ ಕಡೆಗೆ, ಮೈಸೂರು ರಸ್ತೆಯಿಂದ ವಿಜಯನಗರದ ಕಡೆಗೆ ಹೊರಟರೆ ಕಣಿವೆಯಿಂದ ಮೇಲಕ್ಕೆ ಹತ್ತಲೇಬೇಕು.

ಒಂದೆರಡು ನಿಮಿಷದ ಇಂಥ ದಿಣ್ಣೆಗಳು ತಾಲೀಮಿಗೆ ಬಹಳ ಒಳ್ಳೆಯವು. ಗಟ್ಟಿಯಾಗಿ ಹತ್ತುವುದು, ಮುಂದಿನ ಎರಡು-ಮೂರು ನಿಮಿಷ ಹಗುರಾಗಿ ತುಳಿಯುವುದು, ಮತ್ತೆ ಹತ್ತುವುದು. ಕ್ರೀಡಾಪಟುಗಳು ಇದನ್ನೇ ಇಂಟರ್ವಲ್ ಎನ್ನುತ್ತಾರೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಮರದ ನೆರಳಿನ ರಸ್ತೆಗಳಲ್ಲಿ, ಪ್ರವೇಶ ಇರುವ ಹೊತ್ತಿನಲ್ಲಿ, ಓಟಗಾರರೂ ಸೈಕಲ್ ಸವಾರರೂ ಬೆವರು ಹರಿಸುವುದನ್ನು ಈ ಭಾಗದ ಎಲ್ಲರೂ ಕಂಡಿದ್ದಾರೆ. 1,478 ಮೀಟರ್ ಎತ್ತರದ ನಂದಿಬೆಟ್ಟ ಸುಂದರ ಗುರಿ. ಆದರೆ ಸುಮಾರು 60 ಕಿಲೋಮೀಟರ್ ಆಚೆ ಇರುವ ಬೆಟ್ಟವನ್ನು ತಿಂಗಳಿಗೊಮ್ಮೆ ಹತ್ತುವುದಕ್ಕಿಂತ ಮನೆ ಹತ್ತಿರದ ದಿಣ್ಣೆಯನ್ನು ವಾರವೂ ಹತ್ತುವುದರಿಂದ ಮೈಗೆ ಸಿಗುವ ಲಾಭ ದೊಡ್ಡದು.

ತಪ್ಪು ಕಲ್ಪನೆ: ಹೆಜ್ಜೆಗೊಂದು ಸಿಗ್ನಲ್ ಇರುವಾಗ ಇದು ತರಬೇತಿಯಾಗಲು ಸಾಧ್ಯವೇ ಇಲ್ಲ.

ವಾಸ್ತವ: ಇದರಲ್ಲಿ ಅರ್ಧ ಸತ್ಯವಿದೆ. ಇಪ್ಪತ್ತು ನಿಮಿಷ ಎಡೆಬಿಡದೆ ಒಂದೇ ಹದದಲ್ಲಿ ತುಳಿಯುವ ಅಭ್ಯಾಸಕ್ಕೆ ನವರಂಗ್, ಶಂಕರಮಠ, ಸುಮನಹಳ್ಳಿ ಜಂಕ್ಷನ್‌ಗಳು ಒಗ್ಗುವುದಿಲ್ಲ. ಆದರೆ ನಿಂತ ಸೈಕಲ್ಲನ್ನು ಮತ್ತೆ ವೇಗಕ್ಕೆ ತರುವುದೇ ಕಾಲಿಗೆ ಒಳ್ಳೆಯ ಕೆಲಸ. ಹಗುರ ಗೇರಿನಲ್ಲಿ ಹೊರಟು, ಹತ್ತು-ಹದಿನೈದು ಪೆಡಲ್ ಬಿರುಸಾಗಿ ತುಳಿದು, ಆಮೇಲೆ ಹದಕ್ಕೆ ಬಂದರೆ ಪ್ರತಿ ಸಿಗ್ನಲೂ ಚಿಕ್ಕ ಅಭ್ಯಾಸವಾಗುತ್ತದೆ. ಮಾಡಬಾರದ್ದು ಒಂದೇ: ಹಳದಿ ದೀಪ ದಾಟಲು, ಮುಂದಿನ ಸ್ಕೂಟರನ್ನು ಹಿಂದಿಕ್ಕಲು ವೇಗ ಹೆಚ್ಚಿಸುವುದು. ತಾಲೀಮಿನ ಗಡಿಯಾರ ರಸ್ತೆಯ ನಿಯಮಕ್ಕಿಂತ ದೊಡ್ಡದಲ್ಲ. ಬಿಡದೆ ತುಳಿಯುವ ಅಭ್ಯಾಸವನ್ನು ಬೆಳಗಿನ ಖಾಲಿ ರಸ್ತೆಗೋ ಭಾನುವಾರಕ್ಕೋ ಮೀಸಲಿಡಬೇಕು.

ತಪ್ಪು ಕಲ್ಪನೆ: ಬೆವರಿದಷ್ಟೂ ಕೊಬ್ಬು ಕರಗುತ್ತದೆ. ಅದಕ್ಕೇ ದಪ್ಪ ಜಾಕೆಟ್ ಹಾಕಿ, ನೀರು ಕುಡಿಯದೆ ತುಳಿಯಬೇಕು.

ವಾಸ್ತವ: ಬೆವರು ಮೈ ತಂಪಾಗಿಸುವ ಉಪಾಯ, ಕೊಬ್ಬು ಕರಗಿದ ಗುರುತಲ್ಲ. ಸವಾರಿ ಮುಗಿದ ಕೂಡಲೇ ತಕ್ಕಡಿಯಲ್ಲಿ ಕಡಿಮೆ ಕಂಡ ತೂಕ ನೀರಿನದು. ಎರಡು ಲೋಟ ಮಜ್ಜಿಗೆ ಕುಡಿದರೆ ಮರಳಿ ಬರುತ್ತದೆ, ಬರಲೂ ಬೇಕು. ದಪ್ಪ ಬಟ್ಟೆ ಹಾಕಿ ನೀರು ಬಿಟ್ಟರೆ ತಲೆಸುತ್ತು, ಸ್ನಾಯು ಸೆಳೆತ ಬರುತ್ತವೆ. ಟ್ರಾಫಿಕ್ಕಿನ ನಡುವೆ ತಲೆಸುತ್ತು ಸಣ್ಣ ಅಪಾಯವಲ್ಲ.

ತೂಕದ ಲೆಕ್ಕ ನೇರವಾಗಿದೆ. 70 ಕಿಲೋ ತೂಕದವರು ಗಂಟೆಗೆ 16ರಿಂದ 19 ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ತುಳಿದರೆ ಸುಮಾರು 240 ಕ್ಯಾಲೊರಿ ಖರ್ಚಾಗುತ್ತದೆ. ಸಿಗ್ನಲ್‌ನಲ್ಲಿ ನಿಂತ ಹೊತ್ತು ಕಳೆದರೆ ಇನ್ನೂ ಕಡಿಮೆ. ದಾರಿಯಲ್ಲಿ ತುಪ್ಪದ ಮಸಾಲೆ ದೋಸೆ, ಮೇಲೊಂದು ಕಾಫಿ ಆದರೆ ಅದಷ್ಟೂ ಮರಳಿ ಬರುತ್ತದೆ. ದೋಸೆ ಬಿಡಬೇಕೆಂದಲ್ಲ. ಸೈಕಲ್ ಒಂದರಿಂದಲೇ ಹೊಟ್ಟೆ ಇಳಿಯಲಿಲ್ಲವೆಂದು ಬೇಸತ್ತು ನಿಲ್ಲಿಸಬಾರದು. ತೂಕ ಇಳಿಯದಿದ್ದರೂ ರಕ್ತದೊತ್ತಡ, ಸಕ್ಕರೆ, ಉಸಿರಿನ ಶಕ್ತಿ ಸುಧಾರಿಸುತ್ತವೆ.

ತಪ್ಪು ಕಲ್ಪನೆ: ಸೈಕಲ್ ತುಳಿದರೆ ಮಂಡಿ ಸವೆಯುತ್ತದೆ.

ವಾಸ್ತವ: ಮಂಡಿಗೆ ನೋವು ಕೊಡುವುದು ಹೆಚ್ಚಾಗಿ ತಗ್ಗಿನ ಸೀಟು ಮತ್ತು ಭಾರದ ಗೇರು. ಎರಡೂ ಕಾಲು ನೆಲಕ್ಕೆ ಪೂರ್ತಿ ಊರುವಂತೆ ಸೀಟು ಇಳಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಆಗ ಪ್ರತಿ ಸುತ್ತಿನಲ್ಲೂ ಮಂಡಿ ಮಿತಿಮೀರಿ ಮಡಚಿಕೊಂಡೇ ಒತ್ತಬೇಕಾಗುತ್ತದೆ. ಸರಿಯಾದ ಎತ್ತರ ತಿಳಿಯಲು ಸುಲಭ ವಿಧಾನವಿದೆ. ಸೀಟಿನ ಮೇಲೆ ಕೂತು, ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ತುಳಿಯುವುದು ಪಾದದ ಮುಂಭಾಗದಿಂದಲಾದ್ದರಿಂದ ಆಗ ಮಂಡಿ ತುಸುವೇ ಬಾಗಿರುತ್ತದೆ. ಗೇರು ಇದ್ದರೆ ಏರಿನಲ್ಲಿ ಹಗುರ ಗೇರು ಹಾಕಿ ಬೇಗ ಬೇಗ ತುಳಿಯಬೇಕು, ಭಾರದ ಗೇರಿನಲ್ಲಿ ಒದ್ದಾಡಬಾರದು.

ಓಟದಲ್ಲಿ ಪ್ರತಿ ಹೆಜ್ಜೆಗೂ ನೆಲದ ಪೆಟ್ಟು ಮಂಡಿಗೆ ತಾಗುತ್ತದೆ. ಸೈಕಲ್‌ನಲ್ಲಿ ಮೈಭಾರ ಸೀಟಿನ ಮೇಲಿರುತ್ತದೆ. ಎರಡೂವರೆ ಸಾವಿರಕ್ಕೂ ಹೆಚ್ಚು ಜನರ ಬದುಕಿನ ಸೈಕಲ್ ಚರಿತ್ರೆ ಕೇಳಿ 2024ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಸೈಕಲ್ ತುಳಿದವರಲ್ಲಿ ಮಂಡಿನೋವು ತುಳಿಯದವರಿಗಿಂತ ಕಡಿಮೆಯೇ ಇತ್ತು. ಈಗಾಗಲೇ ಊತ ಇದ್ದವರು, ಪೆಟ್ಟಾದವರು ಮಾತ್ರ ಮೊದಲು ಮೂಳೆ ವೈದ್ಯರನ್ನು ಕೇಳಬೇಕು.

ತಪ್ಪು ಕಲ್ಪನೆ: ಸೈಕಲ್‌ನಿಂದ ಗಂಡಸರಿಗೆ ಗಂಡಸ್ತನ ಹೋಗುತ್ತದೆ, ಹೆಣ್ಣುಮಕ್ಕಳಿಗೆ ಗರ್ಭಕೋಶಕ್ಕೆ ತೊಂದರೆಯಾಗುತ್ತದೆ.

ವಾಸ್ತವ: ಪಿಸುಮಾತಿನಲ್ಲೇ ಉಳಿದಿರುವುದರಿಂದ ಈ ಭಯಕ್ಕೆ ಬಿಚ್ಚಿ ಉತ್ತರ ಕೊಡಬೇಕು. ಗಂಡಸರ ವಿಷಯದಲ್ಲಿ ಇದಕ್ಕೊಂದು ಮೂಲವಿದೆ. ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕೂತರೆ ಸೀಟು ಒತ್ತಿ ತೊಡೆಸಂದಿನ ನರಕ್ಕೆ ಜೋಮು ಹಿಡಿಯಬಹುದು. ಆದರೆ ಸೈಕಲ್ ಸವಾರರನ್ನು ಈಜುಗಾರರು ಮತ್ತು ಓಟಗಾರರೊಂದಿಗೆ ಹೋಲಿಸಿ ಮೂತ್ರರೋಗ ತಜ್ಞರ ಪತ್ರಿಕೆಯೊಂದರಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನಕ್ಕೆ, ಸವಾರರ ಲೈಂಗಿಕ ಆರೋಗ್ಯ ಉಳಿದವರಿಗಿಂತ ಕೆಟ್ಟದಾಗಿ ಕಾಣಲಿಲ್ಲ. ಆಗಾಗ ಪೆಡಲಿನ ಮೇಲೆ ಎದ್ದು ನಿಲ್ಲುವುದು, ಸೀಟಿನ ಮೂತಿ ಮೇಲಕ್ಕೆ ಎದ್ದಿರದಂತೆ ನೋಡಿಕೊಳ್ಳುವುದು ಜೋಮಿಗೆ ಮದ್ದು. ಜೋಮು ಬಿಡದಿದ್ದರೆ ಸೀಟು ಬದಲಿಸಬೇಕು.

ಗರ್ಭಕೋಶ ಜಾರುತ್ತದೆ, ಮುಟ್ಟು ಕೆಡುತ್ತದೆ ಎಂಬುದಕ್ಕೆ ಆಧಾರವೇ ಇಲ್ಲ. ಸೈಕಲ್‌ನಿಂದ ಕನ್ಯಾಪೊರೆ ಹರಿಯುತ್ತದೆ ಎಂಬ ಮಾತಂತೂ ಆರೋಗ್ಯಕ್ಕೆ ಸಂಬಂಧಿಸಿದ್ದೇ ಅಲ್ಲ. ಅದು ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ಬಗೆ, ಅದರಿಂದ ಯಾರ ನಡತೆಯನ್ನೂ ಅಳೆಯಲಾಗದು. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಶುರುಮಾಡಿತು. ಊರೂರಿನ ಹೆಣ್ಣುಮಕ್ಕಳು ಆ ಸೈಕಲ್ ತುಳಿದು ಹೈಸ್ಕೂಲು ಮುಗಿಸಿದರು. ಮುಟ್ಟಿನ ದಿನಗಳಲ್ಲಿ ಮೈ ಒಪ್ಪಿದರೆ ತುಳಿಯಬಹುದು, ಒಪ್ಪದಿದ್ದರೆ ಬಿಡಬಹುದು. ಅದು ತುಳಿಯುವವರ ನಿರ್ಧಾರ.

ತಪ್ಪು ಕಲ್ಪನೆ: ಬೆಂಗಳೂರಿನ ಹೊಗೆಯಲ್ಲಿ ತುಳಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ವಾಸ್ತವ: ಈ ಆತಂಕ ನ್ಯಾಯವಾದದ್ದು. ತುಳಿಯುವಾಗ ನಾವು ಸುಮ್ಮನೆ ಕೂತವರಿಗಿಂತ ಹಲವು ಪಟ್ಟು ಗಾಳಿ ಎಳೆದುಕೊಳ್ಳುತ್ತೇವೆ, ಅದರೊಂದಿಗೆ ದೂಳನ್ನೂ. ಹಾಗಾದರೆ ನಷ್ಟ ಶುರುವಾಗುವುದು ಎಲ್ಲಿಂದ? 2016ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಇದನ್ನೇ ಕೇಳಿತು. ಪಿಎಂ 2.5 ಎಂಬ ಸೂಕ್ಷ್ಮ ಕಣಗಳು ಘನ ಮೀಟರಿಗೆ 100 ಮೈಕ್ರೋಗ್ರಾಂ ಇರುವ ಊರಿನಲ್ಲೂ, ದಿನಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ತುಳಿದರೆ ಮಾತ್ರ ಹಾನಿ ಮೇಲುಗೈಯಾಗುತ್ತದೆ ಎಂದು ಅದು ತೋರಿಸಿತು. ಬೆಂಗಳೂರಿನ ವಾರ್ಷಿಕ ಸರಾಸರಿ ಅದಕ್ಕಿಂತ ಬಹಳ ಕೆಳಗಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ 5 ಮೈಕ್ರೋಗ್ರಾಂ ಮಿತಿಗಿಂತ ಹಲವು ಪಟ್ಟು ಮೇಲಿದೆ. ಆದ್ದರಿಂದ ನಿಶ್ಚಿಂತೆಯೂ ಸಲ್ಲದು, ಸೈಕಲ್ ಬಿಡುವ ಅಗತ್ಯವೂ ಇಲ್ಲ.

ದಾರಿ ಆರಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಲಾರಿ-ಬಸ್ಸುಗಳ ಮುಖ್ಯರಸ್ತೆಯಿಂದ ಒಂದೆರಡು ಬೀದಿ ಒಳಗೆ ಸರಿದರೂ ಹೊಗೆ ಕಡಿಮೆ. ಕಾರ್ಡ್ ರಸ್ತೆಯ ಬದಲು ರಾಜಾಜಿನಗರದ ಬ್ಲಾಕ್‌ಗಳ ಒಳರಸ್ತೆ, ಮೈಸೂರು ರಸ್ತೆಯ ಬದಲು ನಾಗರಬಾವಿ, ಚಂದ್ರಾ ಲೇಔಟ್ ಕಡೆಯ ದಾರಿ ಹಿಡಿಯಬಹುದು. ಸಾಣೆಗುರುವನಹಳ್ಳಿಯಲ್ಲೂ ಬಾಪೂಜಿನಗರದಲ್ಲೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿ ಅಳೆಯುವ ಕೇಂದ್ರಗಳಿವೆ. ಅವುಗಳ ಅಂಕಿ ಮೊಬೈಲಿನಲ್ಲೇ ಸಿಗುತ್ತದೆ. ಏದುಸಿರಿನ ಅಭ್ಯಾಸವನ್ನು ಬೆಳಿಗ್ಗೆ ಬೇಗ, ಒಳರಸ್ತೆಯಲ್ಲಿ ಮುಗಿಸಬೇಕು. ಬಟ್ಟೆಯ ಮಾಸ್ಕ್ ಸೂಕ್ಷ್ಮ ಕಣಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಆಸ್ತಮಾ ಇರುವವರು ವೈದ್ಯರ ಸಲಹೆ ಪಡೆದೇ ಹೊರಡಬೇಕು.

ತಪ್ಪು ಕಲ್ಪನೆ: ರಸ್ತೆಯ ತೀರಾ ಅಂಚಿಗೆ ಅಂಟಿಕೊಂಡರೆ ಕ್ಷೇಮ. ಹೆಲ್ಮೆಟ್ ಹಾಕಿದರೆ ಕೂದಲು ಉದುರುತ್ತದೆ.

ವಾಸ್ತವ: ಅಂಚಿನಲ್ಲಿ ಚರಂಡಿಯ ಸರಳು, ಜಲ್ಲಿಪುಡಿ, ತಟ್ಟನೆ ತೆರೆಯುವ ಕಾರಿನ ಬಾಗಿಲು ಕಾದಿರುತ್ತವೆ. ಅವನ್ನು ತಪ್ಪಿಸಲು ಒಮ್ಮೆಲೇ ಬಲಕ್ಕೆ ಹೊರಳಿದಾಗಲೇ ಹಿಂದಿನ ವಾಹನ ತಾಗುವುದು. ಅಂಚಿನಿಂದ ಸುಮಾರು ಒಂದು ಮೀಟರ್ ಒಳಗೆ, ನೇರ ಗೆರೆಯಲ್ಲಿ, ತಿರುಗುವ ಮುನ್ನ ಕೈ ತೋರಿಸಿ ಹೋಗುವುದು ಹೆಚ್ಚು ಕ್ಷೇಮ. ನಿಲ್ದಾಣಕ್ಕೆ ಸರಿಯುತ್ತಿರುವ ಬಸ್ಸಿನ ಎಡಕ್ಕೆ ನುಗ್ಗಲೇಬಾರದು. ಎದುರುದಿಕ್ಕಿನ ಸವಾರಿ ಎಷ್ಟೇ ಹತ್ತಿರದ ದಾರಿಯಾದರೂ ಬೇಡ. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಇರಲೇಬೇಕು.

ನೆದರ್ಲೆಂಡ್ಸ್‌ನ ಲೆಕ್ಕದಲ್ಲಿ ಸೈಕಲ್ಲಿನ ಲಾಭ ಅಪಘಾತದ ನಷ್ಟಕ್ಕಿಂತ ಬಹಳ ದೊಡ್ಡದು. ಆ ಲೆಕ್ಕವನ್ನು ಹಾಗೇ ಇಲ್ಲಿಗೆ ತರಲಾಗದು, ಏಕೆಂದರೆ ಅಲ್ಲಿ ಸೈಕಲ್‌ಗೆ ಬೇರೆ ದಾರಿಯಿದೆ. ನಮ್ಮ ಬಡಾವಣೆಗಳಿಗೂ ಅದು ಬೇಕೆಂದು ಕೇಳುವುದು ಸವಾರರ ಹಕ್ಕು. ಇನ್ನು ಕೂದಲು: ಗಂಡಸರ ಬೋಳುತಲೆಗೆ ಮುಖ್ಯ ಕಾರಣ ವಂಶವಾಹಿ ಮತ್ತು ಹಾರ್ಮೋನು. ಬೆವರು ನೆನೆದ ಕೊಳಕು ಪ್ಯಾಡ್‌ನಿಂದ ತಲೆ ಕೆರೆತ ಬರಬಹುದು. ಪ್ಯಾಡ್ ತೊಳೆದರೆ ಅದು ಹೋಗುತ್ತದೆ.

ತಪ್ಪು ಕಲ್ಪನೆ: ಐವತ್ತು ದಾಟಿದವರು, ಬಿಪಿ-ಶುಗರ್ ಇರುವವರು ಸೈಕಲ್ ಮುಟ್ಟಬಾರದು.

ವಾಸ್ತವ: ಹೆಚ್ಚು ಲಾಭ ಇರುವುದೇ ಇವರಿಗೆ. ಯುರೋಪಿನ ಹತ್ತು ದೇಶಗಳಲ್ಲಿ ಮಧುಮೇಹ ಇರುವ ಏಳು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೈಕಲ್ ತುಳಿಯುವವರ ಸಾವಿನ ಅಪಾಯ ಸ್ಪಷ್ಟವಾಗಿ ಕಡಿಮೆ ಇತ್ತು. ಆದರೆ ಕ್ರಮವಿದೆ. ಮೊದಲು ವೈದ್ಯರನ್ನು ಕಂಡು, ಅವರು ಹೇಳಿದರೆ ಹೃದಯದ ಪರೀಕ್ಷೆ ಮಾಡಿಸಬೇಕು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ದಾರಿಯಲ್ಲಿ ಸಕ್ಕರೆ ಕುಸಿಯಬಹುದು. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಎದೆ ಹಿಡಿದಂತಾದರೆ, ದವಡೆ ಅಥವಾ ಎಡಗೈ ಸೆಳೆದರೆ ಇಳಿದು ನಿಲ್ಲಬೇಕು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗ್ಯಾಸ್ ಎಂದು ಸಮಾಧಾನ ಮಾಡಿಕೊಳ್ಳಬಾರದು.

ತಪ್ಪು ಕಲ್ಪನೆ: ಸೈಕಲ್ ಇದ್ದರೆ ಬೇರೆ ಯಾವ ವ್ಯಾಯಾಮವೂ ಬೇಡ. ಆದರೆ ಅದಕ್ಕೆ ಐವತ್ತು ಸಾವಿರದ ಸೈಕಲ್ಲೇ ಬೇಕು.

ವಾಸ್ತವ: ಎರಡೂ ಸರಿಯಲ್ಲ. ಸೈಕಲ್ ಹೃದಯಕ್ಕೆ, ತೊಡೆಗೆ ಒಳ್ಳೆಯದು. ಕೈ, ಬೆನ್ನು, ಮೂಳೆಗೆ ಸಾಲದು. ಮೂಳೆ ಗಟ್ಟಿಯಾಗಲು ಮೈಭಾರ ಅದರ ಮೇಲೆ ಬೀಳಬೇಕು, ಸೀಟಿನಲ್ಲಿ ಕೂತಾಗ ಅದು ಬೀಳುವುದಿಲ್ಲ. ವಾರಕ್ಕೆ ಎರಡು ದಿನ ದಂಡ, ಬಸ್ಕಿ, ಮೆಟ್ಟಿಲು ಹತ್ತುವುದು ಇರಲೇಬೇಕು.

ಸೈಕಲ್ಲಿನ ಬೆಲೆ ಸ್ನಾಯುವಿಗೆ ಗೊತ್ತಾಗುವುದಿಲ್ಲ. ರಾಜಾಜಿನಗರ ರೂಪುಗೊಂಡದ್ದೇ ಕೈಗಾರಿಕಾ ಉಪನಗರವಾಗಿ. ಮಿಲ್ಲು, ಕಾರ್ಖಾನೆಗಳ ಪಾಳಿಗೆ ಹಿಂದಿನ ತಲೆಮಾರಿನ ಕಾರ್ಮಿಕರು ಗೇರಿಲ್ಲದ ಕಬ್ಬಿಣದ ಸೈಕಲ್‌ನಲ್ಲೇ ಹೋಗಿಬಂದರು. ಸೈಕಲ್ ಬಡವರ ವಾಹನ ಎಂದು ಆಮೇಲೆ ನಾವು ಬದಿಗಿಟ್ಟೆವು. ಏರು ಇರುವ ದಾರಿಗೆ ಗೇರು ಅನುಕೂಲ, ನಿಜ. ಆದರೆ ಅಳತೆಗೆ ಸರಿಹೊಂದುವ, ಬ್ರೇಕು ಗಟ್ಟಿಯಿರುವ ಸಾಧಾರಣ ಸೈಕಲ್ ತಾಲೀಮಿಗೆ ಧಾರಾಳ ಸಾಕು.

ವಾರವನ್ನು ಹೀಗೆ ಹಂಚಿಕೊಳ್ಳಬಹುದು

ಸೋಮವಾರ ಹಗುರ ಸವಾರಿ. ಮಂಗಳವಾರ ದಾರಿಯ ದಿಣ್ಣೆಯಲ್ಲಿ ನಾಲ್ಕೈದು ಸಲ ಗಟ್ಟಿ ಏರು, ಮನೆಗೆ ಹಗುರಾಗಿ. ಬುಧವಾರ ಸೈಕಲ್‌ಗೆ ಬಿಡುವು. ಗುರುವಾರ ತಡೆಯಿಲ್ಲದ ಭಾಗದಲ್ಲಿ ಹದಿನೈದು-ಇಪ್ಪತ್ತು ನಿಮಿಷ ಚುರುಕಾಗಿ. ಶುಕ್ರವಾರ ಮತ್ತೆ ಹಗುರ. ದಂಡ-ಬಸ್ಕಿಗೆ ಬುಧವಾರ ಮತ್ತು ಶನಿವಾರ. ಭಾನುವಾರ ಉದ್ದ ಸವಾರಿ ಅಥವಾ ಪೂರ್ತಿ ವಿಶ್ರಾಂತಿ. ಮೂರು ವಾರ ಹೀಗೆ ನಡೆಸಿ, ನಾಲ್ಕನೆಯ ವಾರ ಅರ್ಧಕ್ಕೆ ಇಳಿಸಿ, ಮುಂದಿನ ತಿಂಗಳು ತುಸು ಏರಿಸಬಹುದು.

ಹೊಸಬರಿಗೆ ಎರಡೂ ಹೊತ್ತು ತುಳಿಯುವುದು ಹೊರೆಯಾದರೆ ಮೆಟ್ರೋ ಇದೆ. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗ ಕೆಂಗೇರಿ ಮುಟ್ಟಿತು. ಬೆಳಿಗ್ಗೆ ಸೈಕಲ್‌ನಲ್ಲಿ ಹೋಗಿ, ಅದನ್ನು ಕೆಲಸದ ಜಾಗದಲ್ಲೇ ಬಿಟ್ಟು ಸಂಜೆ ರೈಲಿನಲ್ಲಿ ಬರಬಹುದು. ಮರುದಿನ ರೈಲಿನಲ್ಲಿ ಹೋಗಿ ಸಂಜೆ ಸೈಕಲ್‌ನಲ್ಲಿ ಮರಳಬಹುದು. ದಿನಕ್ಕೊಂದೇ ಸವಾರಿ, ಆ ಎರಡರ ನಡುವೆ ಇಡೀ ದಿನದ ಬಿಡುವು. ತರಬೇತಿಯ ಆರಂಭಕ್ಕೆ ಇದಕ್ಕಿಂತ ಒಳ್ಳೆಯ ಹದವಿಲ್ಲ.

ನಂಬಿಕೆಗಳನ್ನೆಲ್ಲ ಬದಿಗಿಟ್ಟ ಮೇಲೆ ಮಾಡಬೇಕಾದ ಮೊದಲ ಕೆಲಸ ಸಣ್ಣದು. ಶನಿವಾರ ಸೀಟಿನ ಎತ್ತರ ಸರಿಮಾಡಿ, ಬ್ರೇಕು ನೋಡಿ, ಟೈರಿಗೆ ಗಾಳಿ ಹೊಡೆಸಬೇಕು. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಕೆಲಸದ ದಾರಿಯನ್ನು ಒಮ್ಮೆ ತುಳಿದು, ಏರು ಎಲ್ಲಿ, ಹೊಗೆ ಎಲ್ಲಿ, ಒಳರಸ್ತೆ ಎಲ್ಲಿ ಎಂದು ಗುರುತು ಮಾಡಿಕೊಳ್ಳಬೇಕು. ಸೋಮವಾರ ಹದಿನೈದು ನಿಮಿಷ ಮುಂಚೆ ಹೊರಟರೆ ಅವಸರವಿಲ್ಲದೆ ತಲುಪಬಹುದು.